ಕೂದಲು ಮುಟ್ಟದ ಭೂಪಾಲ

ಭೂಪಾಲನಷ್ಟು ನಿರ್ದಯನಾದ ಅಹಿಂಸಕ ಇನ್ನೊಬ್ಬನನ್ನು ನಾನು ಕಂಡಿಲ್ಲ. ಹಂದಿಗೆ, ಅಳಿಲಿಗೆ, ಅರಗಿನ ಹುಳಕ್ಕೆ ಅವನು ತೋರಿಸಿದ ಕರುಣೆಯಲ್ಲಿ ಒಂದು ತೊಟ್ಟನ್ನು ಮನುಷ್ಯರ ಪಾಲಿಗೂ ಎತ್ತಿಟ್ಟಿದ್ದರೆ ಬೆಳಗಾವಿಯ ಶಹಾಪುರದಿಂದ ಖಾನಾಪುರದವರೆಗೆ ಅವನನ್ನು ಹೊಗಳುವ ಬಾಯಿಗಳಿಗೆ ಕೊರತೆ ಇರುತ್ತಿರಲಿಲ್ಲ. ಈಗ ಇರುವುದೆಲ್ಲ ಅವನಿಗೆ ಅಂಜುವ ಬಾಯಿಗಳು. ನಾನೂ ಅದೇ ಜೈನ ಸಮಾಜದವಳು, ಹಿಂದವಾಡಿಯಲ್ಲಿ ಅವನ ಎದುರುಮನೆಯವಳು, ಕಾಲೇಜಿನಲ್ಲಿ ಪ್ರಾಕೃತ ಕಲಿಸುತ್ತ ಮುಪ್ಪಾದವಳು. ಆದ್ದರಿಂದ ಧರ್ಮನಿಷ್ಠನೆಂಬ ಕಾರಣಕ್ಕೆ ಅವನಿಗೆ ರಿಯಾಯಿತಿ ಕೊಡಬೇಕೆಂದು ನನಗೆ ಎಂದೂ ಅನ್ನಿಸಿಲ್ಲ.

ಅವನದು ಕಟ್ಟಿಗೆಗೆ ವಾರ್ನಿಶ್, ಬಣ್ಣ ಬಳಿಯುವ ಧಂದೆ. ಶಹಾಪುರದಲ್ಲಿ ಅಂಗಡಿ, ಖಾನಾಪುರದಲ್ಲಿ ಬಡಗಿಗಳ ಮಗ್ಗುಲಿಗೆ ಒಂದು ತಗಡಿನ ಶೆಡ್ಡು. ಒಳ್ಳೆಯ ವಾರ್ನಿಶ್ ಬ್ರಶ್ಶಿನ ಕೂದಲು ಹಂದಿಯ ಬೆನ್ನಿನಿಂದ ಬರುತ್ತದೆಂದು ಹರೆಯದಲ್ಲಿ ಯಾರೋ ಅವನಿಗೆ ಹೇಳಿದರಂತೆ. ಅಂದೇ ತಂದೆಯ ಕಾಲದ ಬ್ರಶ್ಶುಗಳನ್ನೆಲ್ಲ ಹಿತ್ತಲಲ್ಲಿ ಕುಣಿ ತೋಡಿ ಹೂಳಿದ, ಸ್ನಾನ ಮಾಡಿದ, ಉಪವಾಸ ಕೂತ. ನೈಲಾನ್ ಬ್ರಶ್ ತಂದುಕೊಟ್ಟವರಿಗೆ, ಇದರೊಳಗೂ ಕೂದಲು ಬೆರೆಸಿರುವುದಿಲ್ಲವೆಂದು ನೀವು ಆಣೆ ಮಾಡುತ್ತೀರಾ ಎಂದು ಕೇಳಿದ. ಅವರು ಬ್ರಶ್ಶನ್ನು ವಾಪಸು ತೆಗೆದುಕೊಂಡು ಹೋದರು. ಕೆಲವು ವರ್ಷ ಬಟ್ಟೆಯ ಉಂಡೆಯಲ್ಲಿ ಒರಸಿ ಕೆಲಸ ಕೆಡಿಸಿದ ಮೇಲೆ ಮುಂಬಯಿಯ ಯಾವುದೋ ಪೇಟೆಯಲ್ಲಿ ಅವನಿಗೆ ಫೋಮ್ ಬ್ರಶ್ ಸಿಕ್ಕಿತು. ಮರದ ಹಿಡಿಕೆ, ಅದರ ತುದಿಗೆ ಉಳಿಯ ಬಾಯಿಯಂತೆ ಇಳಿಜಾರಾಗಿ ಕೊಯ್ದ ಕರಿ ಸ್ಪಂಜು, ಅಷ್ಟೇ ಅದರ ವೈಭವ. ಅದನ್ನು ಅವನು ತೀರ್ಥಯಾತ್ರೆಯಿಂದ ಪ್ರಸಾದ ತಂದ ಹಾಗೆ ತಂದ.

ಆ ಸ್ಪಂಜನ್ನು ಅವನು ಬಳಸುವುದನ್ನು ನೋಡುವುದು ಒಂದು ಸುಖವೆಂಬುದನ್ನು ಒಪ್ಪಿಕೊಳ್ಳಬೇಕು. ತುದಿಯನ್ನಷ್ಟೇ ವಾರ್ನಿಶ್‌ನಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಮೆಲ್ಲಗೆ ತಾಗಿಸಿ, ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ. ಕೈ ಭಾರವಾದರೆ ಸ್ಪಂಜು ಗಾಳಿ ಕಾರುತ್ತದೆ, ಮೈತುಂಬ ಗುಳ್ಳೆ ಏಳುತ್ತದೆ. ಕೈ ಹಗುರವಾದರೆ ಕೂದಲಿನ ಗೆರೆಯೊಂದೂ ಇಲ್ಲದೆ ಹಲಗೆ ಕೆರೆಯ ನೀರಿನ ಹಾಗೆ ಸಮನಾಗುತ್ತದೆ. ಎಳೆದ ಜಾಗಕ್ಕೆ ಮತ್ತೆ ಬ್ರಶ್ ಒಯ್ಯುವುದು ಅವನ ಶೆಡ್ಡಿನಲ್ಲಿ ಮಹಾಪರಾಧವಾಗಿತ್ತು. ಬಿಗಿಯತೊಡಗಿದ ವಾರ್ನಿಶ್‌ನ ಮೇಲೆ ಎರಡನೆಯ ಸಲ ಕೈಯಾಡಿಸಿದರೆ ಕಲೆ ಬೀಳುತ್ತದೆ. "ಹಿಂದಕ್ಕ ಒಯ್ಯಬ್ಯಾಡ" ಎಂಬುದು ಆಳುಗಳಿಗೆ ಅವನು ದಿನವೂ ಹೇಳುವ ಮಾತು. ಬರಬರುತ್ತ ಅದು ಅವನ ಎಲ್ಲ ವ್ಯವಹಾರಕ್ಕೂ ಹಬ್ಬಿ, ಹೆಂಡತಿ ಒಮ್ಮೆ ಆಡಿದ ಮಾತನ್ನು ತಿದ್ದಿ ಹೇಳಹೋದರೂ, ಬಸ್ಸಿನ ಕಂಡಕ್ಟರ್ ಚಿಲ್ಲರೆ ಮತ್ತೆ ಎಣಿಸಹೋದರೂ ಅದೇ ಮಾತು ಹೊರಬೀಳುತ್ತಿತ್ತು. ಖಾನಾಪುರದ ಮರಾಠಿ ಬಡಗಿಗಳು ಅವನಿಗೆ 'ಸ್ಪಂಜ್ ಶೇಟ್' ಎಂದು ಹೆಸರಿಟ್ಟಿದ್ದರು. ಅವನಿಗೆ ಕೇಳಿಸುವ ಹಾಗೆ ಯಾರೂ ಅನ್ನುತ್ತಿರಲಿಲ್ಲ.

ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಹಳೆಯ ಪಾಲಿಶನ್ನೂ ಅವನು ಬಿಟ್ಟಿದ್ದ, ಏಕೆಂದರೆ ಅರಗು ಹುಳದ ಸೊತ್ತು, ಅದನ್ನು ಕೆರೆಯುವಾಗ ಹುಳ ಸಾಯುತ್ತದೆ. ಸ್ಪಿರಿಟ್ ಪಾಲಿಶ್‌ನಲ್ಲಿ ಅದ್ದಿದರೆ ಅವನ ಸ್ಪಂಜೂ ಹಿಡಿಕೆ ಬಿಟ್ಟು ಪುಡಿಪುಡಿಯಾಗುತ್ತದೆ. ಇದು ಅಂಟಿನ ಗುಣ, ಸ್ಪಿರಿಟ್ಟಿನ ಗುಣ. ಆದರೆ ಅವನು ಇದನ್ನು ತನ್ನ ವ್ರತಕ್ಕೆ ಪ್ರಕೃತಿಯೇ ಒತ್ತಿದ ಮುದ್ರೆಯೆಂದು ನಂಬಿದ್ದ. ಸಂಜೆಯಾದೊಡನೆ ದಿನದ ಸ್ಪಂಜುಗಳೆಲ್ಲ ಕಸದ ಡಬ್ಬಿಗೆ. ತೊಳೆದು ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಆ ರಾಶಿ ಶಹಾಪುರದ ಗಟಾರಕ್ಕೆ ಹೋಗಿ ಯಾವ ಹಸುವಿನ ಹೊಟ್ಟೆ ಸೇರುತ್ತದೆಂದು ನಾನು ಒಮ್ಮೆ ಕೇಳಿದೆ. "ಅದು ನಾ ಮಾಡಿದ್ದಲ್ಲ ಅಕ್ಕಾ" ಎಂದ. ತಾನು ಮಾಡದ ಪಾಪಗಳ ವಿಷಯದಲ್ಲಿ ಅವನ ಅಂತಃಕರಣಕ್ಕೆ ಒಳ್ಳೆಯ ನಿದ್ದೆ ಬರುತ್ತಿತ್ತು.

ನಡೆಯುವಾಗ ಭೂಪಾಲ ತಲೆ ಎತ್ತುವುದಿಲ್ಲ. ಇರುವೆ ತುಳಿದೇನೆಂಬ ಭಯದಲ್ಲಿ ನೆಲವನ್ನೇ ನೋಡುತ್ತ, ಹೆಜ್ಜೆ ಹೆಜ್ಜೆಗೂ ಪಾದವನ್ನು ಒಂದು ಗಳಿಗೆ ಗಾಳಿಯಲ್ಲಿ ತಡೆದು ಇಳಿಸುತ್ತ, ತೆಳ್ಳನೆಯ ಮೈಯನ್ನು ಮುಂದಕ್ಕೆ ಬಾಗಿಸಿ ಹೋಗುತ್ತಾನೆ. ಎದುರಿಗೆ ಬಂದವರು ನಮಸ್ಕಾರ ಮಾಡಿದರೂ ಅವನಿಗೆ ಕಾಣುವುದು ಅವರ ಚಪ್ಪಲಿ. ಬೂದಿಬಣ್ಣದ ಒಂದು ಕೋಟು ಬೇಸಿಗೆಯಲ್ಲೂ ಮೈಮೇಲೆ ಇರುತ್ತದೆ. ಅದರ ಎದೆಯ ಜೇಬಿನಲ್ಲಿ ಬೇರೆಯವರು ಪೆನ್ನು ಸಿಕ್ಕಿಸುವಲ್ಲಿ ಇವನ ಹೊಸ ಸ್ಪಂಜುಗಳು ತಲೆ ಹೊರಹಾಕಿಕೊಂಡಿರುತ್ತವೆ. ಅವನ ಹೆಂಡತಿ ಶಾಂತಾಬಾಯಿ ಒಮ್ಮೆ ನಮ್ಮ ಕಟ್ಟೆಯ ಮೇಲೆ ಕುಳಿತು, ಗಂಡ ಗೇಟಿನ ಹತ್ತಿರ ಇರುವೆಯ ಸಾಲೊಂದು ದಾಟಲೆಂದು ನಿಂತದ್ದನ್ನು ನೋಡುತ್ತ ಹೇಳಿದಳು: "ನೋಡ್ರಿ, ಇರಿವಿಗೆ ಹೆಂಗ ದಾರಿ ಬಿಡ್ತಾರ. ನಾ ಅಡ್ಡ ಬಂದ್ರ ಹಾದೇ ಹೋಗ್ತಾರ." ಹೇಳಿ ನಕ್ಕಳು. ಅವಳ ನಗು ನನಗೆ ನಗುವಾಗಿ ಕೇಳಿಸಲಿಲ್ಲ.

ನನ್ನ ಅಂಗಳದ ನಲ್ಲಿಯೊಂದರ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಪೇಟೆಯ ಬಣ್ಣದಂಗಡಿಗಳಲ್ಲಿ ಕೂದಲಿನ ಬ್ರಶ್ಶುಗಳನ್ನು ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ. ಒಳಗೆ ಹೋದವನ ಭುಜಕ್ಕೆ, ಕೈಗೆ ತಾಗದೆ ಇರುವುದಿಲ್ಲ. ಭೂಪಾಲನ ಮನೆಯ ನಲ್ಲಿಗಳೆಲ್ಲ ಒಳಗಿದ್ದವು. ಅಂಥ ಕೈಯಿಂದ ಹೊಸ್ತಿಲು ದಾಟಬಾರದೆಂದು ಅವನು ಪೇಟೆಯಿಂದ ಬಂದವನು ನೇರ ನನ್ನ ಅಂಗಳಕ್ಕೆ ಬಂದು, ನನ್ನ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದು, ಕೈಯನ್ನು ಎಲ್ಲಿಗೂ ತಾಗಿಸದೆ ಮುಂದಕ್ಕೆ ಹಿಡಿದುಕೊಂಡು ತನ್ನ ಮನೆಗೆ ಹೋಗುತ್ತಿದ್ದ. ಅನುಮತಿ ಕೇಳಿರಲಿಲ್ಲ. ನಾನು ಬೇಡ ಅಂದಿರಲಿಲ್ಲ.

ಇಂಥವನ ಹತ್ತಿರ ಬಹುಕಾಲ ಬಾಳಿದವನು ಉಳವಪ್ಪ ಒಬ್ಬನೇ. ನಂದಗಡದವನು, ಲಿಂಗಾಯತರ ಪೈಕಿ, ಬಾಯಿ ತುಂಬ ಎಲೆಅಡಿಕೆ, ಬಾಯಿ ಖಾಲಿಯಾದರೆ ಮಾತು. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವ ಚಟ ಅವನಿಗಿತ್ತು, ಸುಳ್ಳನ್ನೂ ಸಲೀಸಾಗಿ ಹೇಳುತ್ತಿದ್ದ, ಅಮಾವಾಸ್ಯೆಯ ಮರುದಿನ ಕೆಲಸಕ್ಕೆ ಬರುತ್ತಿರಲಿಲ್ಲ. ಆದರೂ ಭೂಪಾಲ ಅವನನ್ನು ಬಿಡಲಿಲ್ಲ. ಸ್ಪಂಜು ಸಪಾಟು ಹಲಗೆಯ ಒಡನಾಡಿ. ಕೆತ್ತನೆಯ ಬಳ್ಳಿ, ಹೂವಿನ ಎಸಳು, ಮೂಲೆಯ ಸಂದಿಗಳಲ್ಲಿ ಅದು ಹೊಗುವುದಿಲ್ಲ, ವಾರ್ನಿಶ್ ಅಲ್ಲಿ ಮಡುಗಟ್ಟಿ ಗುಳ್ಳೆಯಾಗಿ ನಿಲ್ಲುತ್ತದೆ. ಉಳವಪ್ಪ ಮಾಡಿದ ಕೆತ್ತನೆಗಳಲ್ಲಿ ಮಾತ್ರ ಗುಳ್ಳೆ ಇರುತ್ತಿರಲಿಲ್ಲ. ಸ್ಪಂಜನ್ನು ಬ್ಲೇಡಿನಿಂದ ಸಣ್ಣಗೆ ಸೀಳಿ ಮಾಡುತ್ತೇನೆಂದು ಅವನು ಹೇಳುತ್ತಿದ್ದ. ಭೂಪಾಲ ಅದನ್ನು ನಂಬಿದ, ಊರಿಗೆಲ್ಲ ತೋರಿಸಿದ. ಕೂದಲು ಮುಟ್ಟದೆ ಇಂಥ ಕೆಲಸ ಆಗುತ್ತದೆ, ನೋಡ್ರಿ ಎಂದು ನನ್ನನ್ನೂ ಕರೆದೊಯ್ದು ತನ್ನ ಮನೆಯ ದೇವರ ಮಂಟಪ ತೋರಿಸಿದ. ಅವನ ಮುಖದಲ್ಲಿ ಹೆಮ್ಮೆ ಕಂಡದ್ದು ಅದೊಂದೇ ಸಲ.

ಬಸದಿಗೆ ಶಾಸ್ತ್ರಗ್ರಂಥಗಳನ್ನಿಡಲು ಸಾಗುವಾನಿಯ ಒಂದು ಕಪಾಟನ್ನು ಸಮಾಜದವರು ಮಾಡಿಸಿದರು. ಖಾನಾಪುರದ ಬಡಗಿ ಬಾಗಿಲ ತುಂಬ ಬಳ್ಳಿ ಕೆತ್ತಿದ್ದ. ವಾರ್ನಿಶ್ ಭೂಪಾಲನ ಸೇವೆ, ಕೈ ಉಳವಪ್ಪನದು. ಕಪಾಟನ್ನು ತಂದು ನಿಲ್ಲಿಸಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಎಲ್ಲರೂ ಕಣ್ಣಿನಿಂದ ನೋಡುತ್ತಿದ್ದರೆ ಭೂಪಾಲ ತನ್ನ ರೂಢಿಯಂತೆ ಕಣ್ಣು ಮುಚ್ಚಿ, ಉಗುರಿನ ಬೆನ್ನಿನಿಂದ ಮರವನ್ನು ಸವರುತ್ತ ಬಂದ. ಒಂದು ಎಸಳಿನ ಬುಡದಲ್ಲಿ ಬೆರಳು ನಿಂತಿತು. ಅಲ್ಲಿ ಒಣಗಿದ ವಾರ್ನಿಶ್‌ನೊಳಗೆ, ಗಾಜಿನಲ್ಲಿ ಸಿಕ್ಕ ಗೆರೆಯ ಹಾಗೆ, ಒಂದು ಕೂದಲಿತ್ತು.

ಇದೇನೆಂದು ಭೂಪಾಲ ಕೇಳಿದ. ಉಳವಪ್ಪ ಬಗ್ಗಿ ನೋಡಿ, ತನ್ನ ಜನ್ಮದ ಅತ್ಯಂತ ಮೂರ್ಖ ಸುಳ್ಳನ್ನು ಹೇಳಿದ: "ಕುದುರಿದು ಇರಬೇಕ್ರಿ ಸಾವ್ಕಾರ್ರ. ಹಂದಿದಲ್ಲ ಬಿಡ್ರಿ." ಕುದುರೆಗೂ ಜೀವವಿದೆಯೆಂಬುದು ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಯಾರೋ ಕಿಸಕ್ಕೆಂದರು. ಆ ನಗುವೇ ಕೆಡಿಸಿತು. ಭೂಪಾಲ ಬೈಯತೊಡಗಿದ, ಹತ್ತು ಮಂದಿಯ ಎದುರಿಗೆ ಬೈಸಿಕೊಂಡ ಉಳವಪ್ಪ ಹಿಂದೆಗೆಯದೆ, ಸ್ಪಂಜಿನಲ್ಲಿ ಕೆತ್ತನೆ ಆಗುವುದಿಲ್ಲ, ಎಂದೂ ಆಗಿಲ್ಲ, ನಿಮ್ಮ ಮನೆಯ ಮಂಟಪವನ್ನೂ ಇದರಲ್ಲೇ ಮಾಡಿದ್ದೇನೆ ಎಂದು ಸೊಂಟದ ಚೀಲದಿಂದ ಕೂದಲಿನ ಬ್ರಶ್ಶೊಂದನ್ನು ತೆಗೆದು ಎತ್ತಿ ತೋರಿಸಿದ.

ಭೂಪಾಲನ ಮುಖ ಸುಣ್ಣವಾಯಿತು. ಇಷ್ಟು ವರ್ಷ ದಿನವೂ ತಾನು ಕೈಮುಗಿದ ಮಂಟಪದ ಮೇಲೆ, ತಾನು ಹೂಳಿಬಿಟ್ಟೆನೆಂದುಕೊಂಡ ಕೂದಲೇ ಹರಿದಾಡಿತ್ತು. ಅವನು ದನಿ ಏರಿಸಲಿಲ್ಲ. ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದ: "ಈ ಕೈ ಮುಟ್ಟಿದ ಕಟಗಿ ಯಾರ ಮನ್ಯಾಗೂ ಇರಬಾರ್ದು."

ಉಳವಪ್ಪ ಮೋಸ ಮಾಡಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೋಸಕ್ಕೂ ಈ ಶಿಕ್ಷೆಗೂ ಪ್ರಮಾಣವಿರಲಿಲ್ಲ. ಬೆಳಗಾವಿಯಲ್ಲಿ ಸಾಗುವಾನಿಗೆ ವಾರ್ನಿಶ್ ಮಾಡಿಸುವ ಮನೆಗಳೆಲ್ಲ ಒಂದನ್ನೊಂದು ಬಲ್ಲವು. ಭೂಪಾಲನ ಮಾತು ನಮ್ಮವರ ಮನೆಗಳಲ್ಲಿ ಮೊದಲು, ಆಮೇಲೆ ಉಳಿದವರ ಮನೆಗಳಲ್ಲಿ, ಕೊನೆಗೆ ಖಾನಾಪುರದ ಬಡಗಿಗಳ ಬಾಯಲ್ಲಿ ಓಡಾಡಿತು. ಏನು ತಪ್ಪಾಯಿತೆಂದು ಯಾರೂ ವಿಚಾರಿಸಲಿಲ್ಲ. ಭೂಪಾಲನಂಥವನು ಅಂದಿದ್ದಾನೆ, ಇಲ್ಲದೆ ಅಂದಾನೆಯೇ ಎಂದರು. ಕಟ್ಟಿಗೆಯ ಕೆಲಸ ಉಳವಪ್ಪನ ಕೈಬಿಟ್ಟಿತು. ಅವನು ಕಬ್ಬಿಣದ ಗೇಟುಗಳಿಗೆ, ಕೋಳಿ ಫಾರ್ಮಿನ ಜಾಳಿಗೆಗಳಿಗೆ ಎಣ್ಣೆಬಣ್ಣ ಬಳಿಯುತ್ತ ತಿರುಗಿದ. ಇತ್ತ ಭೂಪಾಲ ಬಸದಿಯ ಕಪಾಟನ್ನು ಪೂರ್ತಿ ಹೆರೆಸಿ, ತನ್ನ ಮನೆಯ ಮಂಟಪವನ್ನೂ ಹೆರೆಸಿ, ಎರಡಕ್ಕೂ ತನ್ನ ಕೈಯಿಂದಲೇ ಸ್ಪಂಜಿನಲ್ಲಿ ವಾರ್ನಿಶ್ ಹಾಕಿದ. ಕಪಾಟಿನ ಬಳ್ಳಿಗಳ ಮೇಲೆ ಇಂದಿಗೂ ದಡಾರ ಎದ್ದ ಮಗುವಿನ ಮೈಯಂತೆ ಗುಳ್ಳೆಗಳಿವೆ. ಅದರೊಳಗಿನ ಗ್ರಂಥಗಳಲ್ಲಿ ಕ್ಷಮೆಯನ್ನು ಮೊದಲನೆಯ ಧರ್ಮವೆಂದು ಎಣಿಸಿದ್ದಾರೆ. ನಾನು ಅವನ್ನು ಪಾಠ ಮಾಡಿದ್ದೇನೆ. ಅವನು ಅವಕ್ಕೆ ಬಾಗಿಲು ಹಾಕಿದ್ದಾನೆ.

ವರ್ಷ ಕಳೆದ ಮೇಲೆ ಉಳವಪ್ಪನ ಹೆಂಡತಿ ನಿಂಗವ್ವ ನಂದಗಡದಿಂದ ಬಸ್ಸು ಹಿಡಿದು ನನ್ನಲ್ಲಿಗೆ ಬಂದಳು. ಗಂಡನ ಕೈ ನಡುಗತೊಡಗಿದೆ, ಜಾಳಿಗೆಯ ಕೆಲಸವೂ ಇನ್ನು ಬಹಳ ದಿನ ನಡೆಯಲಾರದು ಎಂದಳು. ಅನ್ನದ ಚಿಂತೆಗಲ್ಲ ನಾನು ಬಂದದ್ದು, ಹೊಲ ಇದೆ, ಹೇಗೋ ಆಗುತ್ತದೆ ಎಂದಳು. "ಆ ಮಾತೊಂದು ತಿರುಗಿ ತಗೊಳ್ಳಿ ಅನ್ರಿ ಬಾಯಾರ. ನಮ್ಮ ಮನ್ಯಾಗಿನ ತೊಟ್ಟಲಾ ಮುಟ್ಟೂದು ಬಿಟ್ಟಾನ್ರಿ ಅಂವ. ಮಮ್ಮಗಳು ಅತ್ರೂ ತೂಗೂದಿಲ್ಲ. ಕಟಗಿದು ಐತಿ ಅಂತಾನ."

ನಾನು ಅಂದೇ ರಸ್ತೆ ದಾಟಿ ಹೋದೆ. ಭೂಪಾಲ ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ, ಬಾಯಿ ತೊಳೆದು, ಬೆಂಚಿನ ಮೇಲೆ ಕುಳಿತಿದ್ದ. ವಿಷಯ ಹೇಳಿದೆ. ತೊಟ್ಟಿಲಿನ ಮಾತನ್ನೂ ಹೇಳಿದೆ. ಅವನು ನೆಲ ನೋಡುತ್ತಲೇ ಬೆಂಚಿನ ಮರವನ್ನು ಉಗುರಿನ ಬೆನ್ನಿನಿಂದ ಸವರಿದ.

"ಹಚ್ಚಿದ ಮ್ಯಾಲೆ ಹಿಂದಕ್ಕ ಒಯ್ಯಬಾರ್ದು ಅಕ್ಕಾ. ಕಲಿ ಬೀಳ್ತದ."

"ಅಂವ ಹಲಗಿ ಅಲ್ಲ ಭೂಪಾಲ, ಮನಷ್ಯಾ."

"ಹಂದಿಗೂ ಜೀವ ಇತ್ತಲ್ಲ."

"ಇತ್ತು. ಅದನ್ನ ಕೊಂದಾಂವ ಉಳವಪ್ಪ ಅಲ್ಲ."

ಒಳಗಿನಿಂದ ಶಾಂತಾಬಾಯಿ, ಗೋಡೆಗೆ ಹೇಳುವ ಹಾಗೆ, ಅಕ್ಕಾವ್ರ, ಚಹಾ ಕುಡದು ಹೋಗ್ರಿ, ಮಾತಿನ್ಯಾಗ ಏನೂ ಸಿಗೂದಿಲ್ಲ ಇಲ್ಲಿ ಎಂದಳು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಇಂಥವರನ್ನು ನಾನು ಬಸದಿಗಳಲ್ಲಿ ಮಾತ್ರವಲ್ಲ, ವಿದ್ಯಾಪೀಠಗಳಲ್ಲಿ, ಸಾರ್ವಜನಿಕ ಸಂಸ್ಥೆಗಳಲ್ಲಿ, ಎಲ್ಲ ಪಂಥಗಳಲ್ಲೂ ಕಂಡಿದ್ದೇನೆ. ತಾವು ಹಿಡಿದ ಒಂದು ನೇಮವನ್ನು ಜೀವವಿರುವ ವಸ್ತುವಿನಂತೆ ಸಾಕುತ್ತಾರೆ, ಅದಕ್ಕೆ ಚೂರು ನೋವಾದರೆ ಅಳುತ್ತಾರೆ, ಅದರ ಕಾಲಡಿಗೆ ಸಿಕ್ಕ ಮನುಷ್ಯ ಮಾತ್ರ ಅವರ ಲೆಕ್ಕಕ್ಕೆ ಬರುವುದಿಲ್ಲ. ಅವರ ಪ್ರಾಮಾಣಿಕತೆಯೇ ಅವರನ್ನು ಅಪಾಯಕಾರಿಗಳನ್ನಾಗಿ ಮಾಡುತ್ತದೆ. ಢೋಂಗಿ ಮನುಷ್ಯನಾದರೆ ಮುಖ ಉಳಿಸಿಕೊಳ್ಳಲಿಕ್ಕಾದರೂ ಒಮ್ಮೆ ಮೆತ್ತಗಾಗುತ್ತಾನೆ. ಇವರಿಗೆ ಉಳಿಸಿಕೊಳ್ಳಬೇಕಾದ ಮುಖವೂ ಇಲ್ಲ. ಭೂಪಾಲನ ವಿಷಯದಲ್ಲಿ ನನ್ನ ತೀರ್ಪು ಅಂದಿಗೆ ಮುಗಿದಿತ್ತು.

ನನ್ನ ತಂದೆಯ ಕಾಲದ ಪುಸ್ತಕದ ಕಪಾಟೊಂದು ಬಣ್ಣಗೆಟ್ಟು ನಿಂತಿತ್ತು. ಕೆಳಗೆ ಸಪಾಟಾದ ದೊಡ್ಡ ಬಾಗಿಲುಗಳು, ತಲೆಯ ಮೇಲೆ ಕೆತ್ತನೆಯ ಪಟ್ಟಿ. ಉಳವಪ್ಪನಿಗೆ ಹೇಳಿ ಕಳಿಸಿದೆ. ಔದಾರ್ಯದಿಂದಲ್ಲ, ಭೂಪಾಲನ ಗೇಟಿನಿಂದ ನೇರ ಕಾಣುವ ನನ್ನ ಪಡಸಾಲೆಯಲ್ಲಿ, ಸೂರ್ಯನ ಬೆಳಕಿನಲ್ಲಿ, ಆ ಕೈ ಕಟ್ಟಿಗೆ ಮುಟ್ಟಬೇಕೆಂಬ ಹಟದಿಂದ. ಉಳವಪ್ಪ ಬಂದ. ಸೊರಗಿದ್ದ, ಮಾತು ಅರ್ಧಕ್ಕಿಳಿದಿತ್ತು. ಕಪಾಟಿನ ಎದುರು ಕುಳಿತವನು ಬಹಳ ಹೊತ್ತು ಕೈ ತೊಡೆಯ ಮೇಲಿಟ್ಟುಕೊಂಡೇ ಇದ್ದ. ಮುಟ್ಟಲೇನ್ರಿ ಎಂದು ಕೇಳಿದ. ಮುಟ್ಟದೆ ಹೇಗೆ ಮಾಡುತ್ತೀ ಎಂದೆ.

ಹೆರೆದು, ಉಜ್ಜಿ, ಧೂಳು ಒರಸುವ ದಿನಗಳಲ್ಲಿ ಭೂಪಾಲ ನೆಲ ನೋಡುತ್ತ ಬಂದ, ನೆಲ ನೋಡುತ್ತ ಹೋದ. ಪೇಟೆಯಿಂದ ಬಂದು ನನ್ನ ನಲ್ಲಿಯಲ್ಲಿ ಕೈ ತೊಳೆಯುವಾಗಲೂ ಪಡಸಾಲೆಯ ಕಡೆ ಕತ್ತು ತಿರುಗಿಸಲಿಲ್ಲ. ಓಣಿಯವರು ಮಾತ್ರ ನಿಂತು ನಿಂತು ನೋಡಿದರು. ಇಬ್ಬರು ಹೆಂಗಸರು ನನಗೆ ಬುದ್ಧಿ ಹೇಳಲಿಕ್ಕೂ ಬಂದರು. ಅವರಿಗೆ ಕುಂದರ್ರಿ ಅನ್ನಲಿಲ್ಲ.

ವಾರ್ನಿಶ್ ಹಚ್ಚುವ ದಿನ ಬಂತು. ಉಳವಪ್ಪನ ಹತ್ತಿರ ಇದ್ದದ್ದು ಅದೊಂದೇ ಕೂದಲಿನ ಬ್ರಶ್ಶು. ಕೆಳಗಿನ ಸಪಾಟು ಬಾಗಿಲಿಗೆ ಅದರಿಂದಲೇ ಎಳೆದ. ನಡುಗುವ ಕೈಗೆ ಗೆರೆ ಸಮನಾಗಲಿಲ್ಲ, ಕೂದಲಿನ ದಾರಿಗಳು ಮೂಡಿದವು. ಸರಿಮಾಡಲೆಂದು ಮತ್ತೆ ಎಳೆದ, ಇನ್ನಷ್ಟು ಕೆಟ್ಟಿತು. ಟರ್ಪೆಂಟೈನ್ ಬಟ್ಟೆಯಿಂದ ಒರಸಿ ಹಾಕಿದ. ಮತ್ತೆ ಎಳೆದ, ಮತ್ತೆ ಒರಸಿದ. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ನಾನು ಓದುವವಳ ಹಾಗೆ ಪುಸ್ತಕ ಹಿಡಿದು ಕೂತಿದ್ದೆ. ತಲೆ ಎತ್ತಿದರೆ ಎದುರು ಗೇಟಿನಲ್ಲಿ ಭೂಪಾಲ ನಿಂತಿದ್ದ. ನೆಲ ನೋಡುತ್ತಿರಲಿಲ್ಲ.

ರಸ್ತೆ ದಾಟಿ ಬಂದ. ಮೆಟ್ಟಿಲು ಹತ್ತಿದ. ಕೋಟಿನ ಜೇಬಿನಿಂದ ಹೊಸ ಸ್ಪಂಜೊಂದನ್ನು ತೆಗೆದು ಸ್ಟೂಲಿನ ಮೇಲಿಟ್ಟು ಹಿಂದೆ ಸರಿದು ನಿಂತ. ಉಳವಪ್ಪನಿಗೆ ನಂಬಿಕೆ ಬರಲಿಲ್ಲ. ಒಮ್ಮೆ ಸ್ಪಂಜನ್ನು, ಒಮ್ಮೆ ನನ್ನನ್ನು ನೋಡಿದ. ಆಮೇಲೆ ತೆಗೆದುಕೊಂಡು, ತುದಿ ಅದ್ದಿ, ಮೇಲಿನಿಂದ ಕೆಳಗೆ ಎಳೆದ. ಸ್ಪಂಜಿನ ಮೆತ್ತನೆಯ ಮೈ ಅವನ ನಡುಕವನ್ನು ತನ್ನೊಳಗೆ ನುಂಗಿಕೊಂಡಿತು. ಹಲಗೆ ಸಮನಾಯಿತು. "ಹಿಂದಕ್ಕ ಒಯ್ಯಬ್ಯಾಡ" ಎಂದ ಭೂಪಾಲ. ಉಳವಪ್ಪ ಕತ್ತು ಎತ್ತದೆ, "ಒಯ್ಯೂದಿಲ್ರಿ" ಎಂದ. ಅವರಿಬ್ಬರ ನಡುವೆ ನಡೆದ ಸಂಭಾಷಣೆ ಇಷ್ಟೇ.

ಬಾಗಿಲುಗಳು ಮುಗಿದವು. ತಲೆಯ ಮೇಲಿನ ಕೆತ್ತನೆ ಉಳಿಯಿತು. ಸ್ಪಂಜಿನಲ್ಲಿ ಅದು ಆಗುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಭೂಪಾಲ ಹೊರಟುಹೋಗುತ್ತಾನೆಂದು ನಾನು ಕಾದೆ; ಹೋಗಲಿಲ್ಲ. ಉಳವಪ್ಪ ಸ್ಟೂಲು ಹತ್ತಿ, ಸ್ವಲ್ಪ ತಡೆದು, ಕೂದಲಿನ ಬ್ರಶ್ಶನ್ನೇ ಎತ್ತಿಕೊಂಡು ಮೊದಲನೆಯ ಎಸಳಿಗೆ ಮುಟ್ಟಿಸಿದ. ಎರಡನೆಯದಕ್ಕೆ ಕೈ ಚಾಚುವಾಗ ಬೆರಳು ಸೋತವು. ಬ್ರಶ್ಶು ಜಾರಿ ಸ್ಟೂಲಿಗೆ ತಗಲಿ, ಉರುಳಿ, ಹೆರೆದ ಪುಡಿಯ ರಾಶಿಯಲ್ಲಿ ಭೂಪಾಲನ ಪಾದದ ಹತ್ತಿರ ಬಿತ್ತು.

ಉಳವಪ್ಪ ಸ್ಟೂಲಿನಿಂದ ಇಳಿಯಲು ಒಂದು ಕಾಲು ತೆಗೆದ. ನಾನು ಪುಸ್ತಕ ಮುಚ್ಚಿ ಏಳಲಿದ್ದೆ. ಅಷ್ಟರೊಳಗೆ ಭೂಪಾಲ ಬಾಗಿದ್ದ. ಬರಿಗೈಯಿಂದ ಅದನ್ನು ಎತ್ತಿಕೊಂಡ. ಹಸಿ ಕೂದಲಿಗೆ ಮೆತ್ತಿದ ಪುಡಿಯನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿದ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದು ಚೂಪು ಮಾಡಿದ, ಹಿಡಿಕೆಯನ್ನು ಮುಂದೆ ಮಾಡಿ ಮೇಲೆ ಚಾಚಿದ. ಉಳವಪ್ಪನ ಕೈ ನಡುಗುತ್ತಲೇ ಬಂತು. ಹಿಡಿತ ಕೂಡುವವರೆಗೆ ಭೂಪಾಲ ಬಿಡಲಿಲ್ಲ.

ಇದರಿಂದ ಏನೂ ಬದಲಾಗಲಿಲ್ಲ. ಹತ್ತು ಮಂದಿಯ ಎದುರು ಆಡಿದ ಮಾತನ್ನು ಅವನು ಹತ್ತು ಮಂದಿಯ ಎದುರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಇಂದಿಗೂ ತೆಗೆದುಕೊಂಡಿಲ್ಲ. ಆ ಹೊತ್ತಿನಲ್ಲಿ ಓಣಿ ಖಾಲಿಯಿತ್ತು, ನೋಡಿದವಳು ನಾನೊಬ್ಬಳೇ.

ಅವನು ಮೆಟ್ಟಿಲಿಳಿದು, ಪಾದವನ್ನು ಗಾಳಿಯಲ್ಲಿ ತಡೆದು ತಡೆದು, ಅಂಗಳ ದಾಟಿದ. ಕೈಬೆರಳುಗಳು ವಾರ್ನಿಶ್‌ನಿಂದ ಹೊಳೆಯುತ್ತಿದ್ದವು. ವಾರ್ನಿಶ್ ನೀರಿಗೆ ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೆ ನನ್ನ ನಲ್ಲಿಯಲ್ಲಿ ಅವನು ಇಷ್ಟು ವರ್ಷ ತೊಳೆದದ್ದು ವಾರ್ನಿಶನ್ನಲ್ಲ. ನಲ್ಲಿಯ ಹತ್ತಿರ ಬಂದಾಗ ಅವನ ಹೆಜ್ಜೆ ರೂಢಿಯಿಂದ ನಿಧಾನವಾಯಿತು. ಕೈ ತೊಳೆಯಲಿಲ್ಲ. ರಸ್ತೆ ದಾಟಿ, ಆ ಕೈಯಿಂದಲೇ ಗೇಟು ತೆರೆದು, ಮನೆಯೊಳಗೆ ಹೋದ.